ಏಳು ಅಕ್ಕತಂಗಿಯರ ಸುಣ್ಣದ ಗೋಡೆ

ಕಪ್ಪು ಹಲಗೆಯ ಮೇಲೆ ಬರೆಯುವ ಬಿಳಿ ಕಡ್ಡಿಗೆ ಸೀಮೆಸುಣ್ಣ ಎಂಬ ಹೆಸರು ಏಕೆ ಬಂತು ಎಂದು ಎಂದಾದರೂ ಯೋಚಿಸಿದ್ದೀರಾ? ಸೀಮೆಎಣ್ಣೆ, ಸೀಮೆಬದನೆ, ಸೀಮೆಹಸು – ಹೀಗೆ ಹಡಗು ಹತ್ತಿ ಬಂದದ್ದಕ್ಕೆಲ್ಲ ನಮ್ಮ ಹಿರಿಯರು ‘ಸೀಮೆ’ ಎಂಬುದನ್ನು ಮುಂದೆ ಹಚ್ಚಿದರು. ಸ್ಲೇಟಿನ ಮೇಲೆ ಬರೆಯುವ ಬಳಪ ನಮ್ಮ ನೆಲದ ಕಲ್ಲು. ಬೇಲೂರು, ಹಳೇಬೀಡುಗಳ ಶಿಲ್ಪಗಳೂ ಬಳಪದ ಕಲ್ಲಿನವೇ. ಸುಣ್ಣವೂ ನಮಗೆ ಹೊಸದಲ್ಲ. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು, ಒಳನಾಡಿನಲ್ಲಿ ಸುಣ್ಣದ ಕಲ್ಲನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಆದರೆ ನೆಲದಿಂದ ಕಿತ್ತ ಹಾಗೆಯೇ ಬೆರಳಿಗೆ ಅಂಟುವಷ್ಟು ಮೆತ್ತಗಿರುವ ಬಿಳಿಕಲ್ಲು ಕರ್ನಾಟಕದಲ್ಲಿಲ್ಲ. ಅದು ಗುಡ್ಡಗುಡ್ಡವಾಗಿಯೇ ಬಿದ್ದಿರುವ ‘ಸೀಮೆ’ಗಳಲ್ಲಿ ಇಂಗ್ಲೆಂಡಿನ ದಕ್ಷಿಣ ತೀರ ಒಂದು. ಈ ಲೇಖನದಲ್ಲಿ ಆ ತೀರಕ್ಕೆ ಹೋಗಿಬರೋಣ.

ಬಿಳಿ ಕಡಲಗೋಡೆ ಎಂದೊಡನೆ ಎಲ್ಲರ ಬಾಯಿಗೂ ಬರುವ ಹೆಸರು ಡೋವರ್. ನಾವು ಹೋಗುವುದು ಅಲ್ಲಿಗಲ್ಲ, ಅದಕ್ಕೆ ಕಾರಣವಿದೆ. ಡೋವರಿನಲ್ಲಿ ಬಂದರಿನ ಕಟ್ಟೆಗಳ ಮರೆಯಲ್ಲಿರುವ ಭಾಗಕ್ಕೆ ಅಲೆಗಳ ಹೊಡೆತವಿಲ್ಲ. ಹೊಡೆತವಿಲ್ಲದ ಕಡೆ ಗೋಡೆ ಕುಸಿಯುವುದಿಲ್ಲ, ಕುಸಿಯದ ಕಡೆ ಗಿಡಗಂಟಿ ಬೇರುಬಿಟ್ಟು ಬಿಳಿಯ ಮೇಲೆ ಹಸಿರು ಹಬ್ಬುತ್ತದೆ. ಡೋವರಿನ ದೃಶ್ಯ ಬೇಕಾದ ಸಿನಿಮಾದವರು ಕೂಡ ಎಷ್ಟೋ ಸಲ ಕ್ಯಾಮೆರಾ ಹೊತ್ತು ಪಶ್ಚಿಮಕ್ಕೆ, ಸಸೆಕ್ಸ್ ಪ್ರಾಂತಕ್ಕೆ ಹೋಗುತ್ತಾರೆ. ಅಲ್ಲಿ ಕಕ್‌ಮಿಯರ್ ಎಂಬ ಸಣ್ಣ ನದಿ ಸಮುದ್ರ ಸೇರುವ ಜಾಗದಿಂದ ಬರ್ಲಿಂಗ್ ಗ್ಯಾಪ್ ಎಂಬ ಪುಟ್ಟ ಊರಿನವರೆಗೆ ಅಲೆಅಲೆಯಾಗಿ ಏರಿಳಿಯುವ ಬಿಳಿ ಗೋಡೆಯಿದೆ. ಹೆಸರು ಸೆವೆನ್ ಸಿಸ್ಟರ್ಸ್, ಏಳು ಅಕ್ಕತಂಗಿಯರು. ಎಣಿಸಿದರೆ ಎಂಟು ಶಿಖರಗಳು ಸಿಕ್ಕಾವು; ಹೆಸರಿಟ್ಟವರು ಲೆಕ್ಕದ ಮೇಷ್ಟರಾಗಿರಲಿಲ್ಲ ಎಂದು ಬಿಟ್ಟುಬಿಡಿ. ಅತಿ ಎತ್ತರದ ಅಕ್ಕನ ಎತ್ತರ 77 ಮೀ. ಬರ್ಲಿಂಗ್ ಗ್ಯಾಪ್ ದಾಟಿ ಪೂರ್ವಕ್ಕೆ ನಡೆದರೆ ಬೀಚಿ ಹೆಡ್. ಅದು 162 ಮೀ ಎತ್ತರವಿದ್ದು, ಬ್ರಿಟನ್ನಿನ ಸೀಮೆಸುಣ್ಣದ ಕಡಲಗೋಡೆಗಳಲ್ಲೆಲ್ಲ ಎತ್ತರವಾದದ್ದು. ಹೆಸರಿನಲ್ಲಿ ‘ಬೀಚ್’ ಕೇಳಿಸಿದರೂ ಅದಕ್ಕೂ ಕಡಲತೀರಕ್ಕೂ ಸಂಬಂಧವಿಲ್ಲ. ‘ಚೆಂದದ ತಲೆ’ ಎಂಬರ್ಥದ ಹಳೆಯ ಫ್ರೆಂಚ್ ಮಾತು ಇಂಗ್ಲಿಷರ ಬಾಯಲ್ಲಿ ಹೀಗಾಯಿತು.

ಮೊದಲು ಕೆಳಗಿಳಿಯಿರಿ. ಬರ್ಲಿಂಗ್ ಗ್ಯಾಪ್‌ನಲ್ಲಿ ತೀರಕ್ಕೆ ಇಳಿಯಲು ಮೆಟ್ಟಿಲಿದೆ. ಇಳಿಯುವ ಮುನ್ನ ಆ ದಿನದ ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡಲೇಬೇಕು. ಮಂಗಳೂರಿನ ಕಡಲಲ್ಲಿ ಭರತಕ್ಕೂ ಇಳಿತಕ್ಕೂ ಇರುವ ವ್ಯತ್ಯಾಸ ಎರಡು ಮೀಟರನ್ನೂ ಮುಟ್ಟದು. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ಸುಮಾರು 6 ಮೀ. ನೀರು ಏರಿ ಬಂದರೆ ಬೆನ್ನಿಗೆ ನೆಟ್ಟನೆಯ ಗೋಡೆ, ಎದುರಿಗೆ ಕಡಲು. ನಡುವೆ ನಿಲ್ಲಲು ಜಾಗವಿರುವುದಿಲ್ಲ. ಗೋಡೆಯ ಬುಡಕ್ಕೆ ಹೋಗಿ ಕೂರುವುದೂ ಸಲ್ಲದು. ಕಾರಣ ಮುಂದೆ ತಿಳಿಯುತ್ತದೆ.

ಕೆಳಗೆ ನಿಮಗೆ ಮೂರು ವಸ್ತುಗಳು ಕಾಣುತ್ತವೆ. ಒಂದು, ಬಿಳಿಯ ಗೋಡೆ. ಎರಡು, ಗೋಡೆಯಲ್ಲಿ ಅಡ್ಡಡ್ಡಲಾಗಿ ಪೋಣಿಸಿದಂತಿರುವ ಕಪ್ಪು ಗಡ್ಡೆಗಳ ಸಾಲುಗಳು. ಅವು ಚಕಮಕಿ ಕಲ್ಲು. ಮೂರು, ಕಾಲಡಿಯಲ್ಲಿ ಕರಕರ ಎನ್ನುವ ಉರುಟು ಕಲ್ಲುಗಳ ರಾಶಿ. ಮರಳು ಕಡಿಮೆ. ನೀರು ಇಳಿದಾಗ ಈ ರಾಶಿಯ ಆಚೆಗೆ, ಗೋಡೆ ಇರುವ ಕಲ್ಲಿನದೇ ಒಂದು ಹಾಸುಬಂಡೆ ಸಮುದ್ರದತ್ತ ಚಾಚಿಕೊಂಡಿರುವುದು ಕಾಣುತ್ತದೆ. ಗೋಡೆ, ಗಡ್ಡೆ, ಉರುಟುಕಲ್ಲು, ಹಾಸುಬಂಡೆ – ಇವುಗಳ ನಡುವಿನ ಸಂಬಂಧ ತಿಳಿಯಲು ಮನುಷ್ಯನಿಗೆ ಸುಮಾರು 180 ವರ್ಷ ಹಿಡಿಯಿತು.

ಗೋಡೆಯಿಂದ ಶುರು ಮಾಡೋಣ. 1836ರಲ್ಲಿ ಬರ್ಲಿನ್ನಿನ ಕ್ರಿಶ್ಚಿಯನ್ ಗಾಟ್‌ಫ್ರೀಡ್ ಎರೆನ್‌ಬರ್ಗ್, ಬಾಲ್ಟಿಕ್ ಸಮುದ್ರದ ರ್‍ಯೂಗೆನ್ ದ್ವೀಪದ ಸುಣ್ಣಕಲ್ಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ರ್‍ಯೂಗೆನ್ ಕೂಡ ಇಂಥದೇ ಬಿಳಿ ಕಡಲಗೋಡೆಯ ಊರು. ಅವನಿಗೆ ಸಣ್ಣ ಅಂಡಾಕಾರದ ಬಿಲ್ಲೆಗಳು ಕಂಡವು. ಅವು ಖನಿಜದ ಹರಳುಗಳೇ ಇರಬೇಕು, ಜೀವಕ್ಕೆ ಸಂಬಂಧಿಸಿದ್ದಲ್ಲ ಎಂದು ಅವನು ತೀರ್ಮಾನಿಸಿದ.

ಮುಂದಿನ ಸುಳಿವು ಬಂದದ್ದು ತಂತಿ ಕಳಿಸುವವರಿಂದ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಟೆಲಿಗ್ರಾಫ್ ಕೇಬಲ್ ಹಾಸಬೇಕಿತ್ತು. ತಳ ಹೇಗಿದೆ ಎಂದು ತಿಳಿಯಲು 1857ರಲ್ಲಿ ಬ್ರಿಟಿಷ್ ನೌಕಾಪಡೆಯ ಸೈಕ್ಲಾಪ್ಸ್ ಹಡಗು ಮೂರು ಕಿಮೀಗೂ ಹೆಚ್ಚು ಆಳಕ್ಕೆ ಗುಂಡು ಇಳಿಬಿಟ್ಟು ಕೆಸರನ್ನು ಎತ್ತಿ ತಂದಿತು. ಆ ಕೆಸರು ಪರೀಕ್ಷೆಗಾಗಿ ಥಾಮಸ್ ಹೆನ್ರಿ ಹಕ್ಸ್‌ಲಿಯ ಮೇಜಿಗೆ ಬಂತು. ಒಣಗಿದಾಗ ಅದು ಬೆರಳಿಗೆ ಬಿಳಿಯಾಗಿ ಅಂಟುತ್ತಿತ್ತು. ಅದರ ಬಹುಪಾಲು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪು. ಜೊತೆಗೆ ಎರೆನ್‌ಬರ್ಗ್ ನೋಡಿದ್ದಂಥ ಬಿಲ್ಲೆಗಳೂ ಇದ್ದವು. ಹಕ್ಸ್‌ಲಿ 1858ರಲ್ಲಿ ಅವಕ್ಕೆ ‘ಕಾಕೊಲಿತ್’ ಎಂದು ಹೆಸರಿಟ್ಟ. 1860ರಲ್ಲಿ ಉತ್ತರ ಅಟ್ಲಾಂಟಿಕ್‌ಗೆ ಹೋದ ಬುಲ್‌ಡಾಗ್ ಹಡಗಿನಲ್ಲಿದ್ದ ವಾಲಿಚ್, ಇಂಥ ಬಿಲ್ಲೆಗಳು ಒಂದು ಗೋಲದ ಸುತ್ತ ಕವಚದಂತೆ ಜೋಡಣೆಯಾಗಿರುವುದನ್ನು ಕಂಡ. 1861ರಲ್ಲಿ ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಮುಖ್ಯವಾದದ್ದೊಂದನ್ನು ಗಮನಿಸಿದ. ಸುಣ್ಣಕಲ್ಲಿನ ಬಿಲ್ಲೆಗಳು ಚಪ್ಪಟೆಯಾಗಿಲ್ಲ, ಒಂದು ಬದಿಗೆ ಬಾಗಿವೆ. ಹರಳು ಹಾಗೆ ಬಾಗಿ ಬೆಳೆಯದು. ಗೋಲದ ಮೇಲಿನ ಹೊದಿಕೆಯಾದರೆ ಬಾಗಲೇಬೇಕು. ಲೋಹಗಳನ್ನು ಉಜ್ಜಿ ನುಣುಪು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನು ಆರಂಭಿಸಿದ ಸಾರ್ಬಿ ಇವನೇ. ಇಷ್ಟು ಸಣ್ಣ ಬಾಗನ್ನು ಗಮನಿಸಿ ಇಷ್ಟು ದೊಡ್ಡ ತೀರ್ಮಾನಕ್ಕೆ ಬಂದದ್ದಕ್ಕೆ ಅವನಿಗೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಥೆ ಹೇಳುವವರೆಲ್ಲ ಹಕ್ಸ್‌ಲಿಯ ಬಳಿಯೇ ನಿಂತುಬಿಡುತ್ತಾರೆ.

ಹಕ್ಸ್‌ಲಿಯ ಬಳಿ ನಿಲ್ಲಲು ಕಾರಣವೂ ಉಂಟು. 1868ರಲ್ಲಿ ನಾರ್ವಿಚ್ ನಗರದಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ವಾರ್ಷಿಕ ಸಭೆ ನಡೆದಾಗ ಅವನು ಆ ಊರಿನ ಕೂಲಿಕಾರರಿಗೆಂದೇ ಒಂದು ಉಪನ್ಯಾಸ ಕೊಟ್ಟ. ವಿಷಯ ‘ಒಂದು ತುಂಡು ಸೀಮೆಸುಣ್ಣ’. ಕಾಲಡಿಯ ನೆಲದಿಂದ ಹೊರಟು ಸಾಗರದ ತಳ, ಅಲ್ಲಿಂದ ಭೂಮಿಯ ದೀರ್ಘ ವಯಸ್ಸು, ಅಲ್ಲಿಂದ ಜೀವಿಗಳು ಬದಲಾಗುತ್ತ ಬಂದ ಬಗೆ – ಇಷ್ಟನ್ನೂ ವಿಜ್ಞಾನ ಓದದ ಜನಕ್ಕೆ ಅವನು ಮನದಟ್ಟು ಮಾಡಿದ. ಶಿಕ್ಷಕರಾದವರು ಒಮ್ಮೆಯಾದರೂ ಓದಬೇಕಾದ ಉಪನ್ಯಾಸ ಅದು. ಹಕ್ಸ್‌ಲಿ 1890ರಲ್ಲಿ ಬೀಚಿ ಹೆಡ್ಡಿನ ಪಕ್ಕದ ಈಸ್ಟ್‌ಬೋರ್ನ್‌ಗೆ ಬಂದು ನೆಲೆಸಿ, 1895ರಲ್ಲಿ ಅಲ್ಲಿಯೇ ತೀರಿಕೊಂಡ.

ಅದೇ 1868ರಲ್ಲಿ ಹಕ್ಸ್‌ಲಿ ಎಡವಿದ ಕಥೆಯನ್ನೂ ಹೇಳಬೇಕು. ಮದ್ಯಸಾರದಲ್ಲಿ ಕಾಪಿಟ್ಟಿದ್ದ ಸೈಕ್ಲಾಪ್ಸ್ ಹಡಗಿನ ಕೆಸರನ್ನು ಮತ್ತೆ ನೋಡಿದಾಗ ಅವನಿಗೆ ಲೋಳೆಯಂಥ ವಸ್ತು ಕಂಡಿತು. ಅದು ಕಡಲತಳವನ್ನೆಲ್ಲ ಆವರಿಸಿರುವ ಆದಿಮ ಜೀವಿ ಎಂದು ಭಾವಿಸಿ ‘ಬ್ಯಾಥಿಬಿಯಸ್’ ಎಂದು ನಾಮಕರಣ ಮಾಡಿದ. ಚಾಲೆಂಜರ್ ಹಡಗಿನ ಯಾತ್ರೆಯಲ್ಲಿ (1872–76) ವಿಜ್ಞಾನಿಗಳು ಎಷ್ಟು ಹುಡುಕಿದರೂ ಆ ಜೀವಿ ಸಿಗಲಿಲ್ಲ. ಕಡಲ ನೀರಿಗೆ ಮದ್ಯಸಾರ ಬೆರೆಸಿದಾಗ ಒತ್ತರಿಸುವ ಕ್ಯಾಲ್ಸಿಯಂ ಸಲ್ಫೇಟ್ ಅದು ಎಂದು ಹಡಗಿನ ರಸಾಯನ ವಿಜ್ಞಾನಿ ಪತ್ತೆ ಹಚ್ಚಿದ. ಹಕ್ಸ್‌ಲಿ 1875ರಲ್ಲಿ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡ. ತಮಾಷೆಯೆಂದರೆ, ಇಂದು ನಮ್ಮ ಶಾಲೆಗಳಿಗೆ ಬರುವ ಬಹಳಷ್ಟು ಸೀಮೆಸುಣ್ಣದ ಕಡ್ಡಿಗಳು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಚ್ಚು ಹೊಯ್ದವು, ಅಂದರೆ ಇದೇ ಕ್ಯಾಲ್ಸಿಯಂ ಸಲ್ಫೇಟ್. ನಿಮ್ಮ ತರಗತಿಯ ಕಡ್ಡಿಯ ಮೇಲೆ ಒಂದು ತೊಟ್ಟು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನೋಡಿ. ನೊರೆ ಬಂದರೆ ಕಾರ್ಬನೇಟ್. ಬಾರದಿದ್ದರೆ ಅದರ ‘ಸುಣ್ಣ’ ಹೆಸರಿಗೆ ಮಾತ್ರ.

ಹಕ್ಸ್‌ಲಿ ತೋರಿಸಿದ್ದರಲ್ಲಿ ಎರಡು ಅಂಶಗಳು ಮುಂದೆ ತಿದ್ದುಪಡಿಯಾದವು. ಸೀಮೆಸುಣ್ಣವಾದ ಕೆಸರು ಕೂತದ್ದು ಅಟ್ಲಾಂಟಿಕ್ಕಿನಂಥ ಮಹಾ ಆಳದಲ್ಲಲ್ಲ, ಕೆಲವು ನೂರು ಮೀಟರ್ ಆಳದ, ಭೂಖಂಡಗಳ ಅಂಚನ್ನು ಮುಳುಗಿಸಿದ್ದ ಸಮುದ್ರದಲ್ಲಿ. ಎರಡನೆಯದು, ಗೋಡೆಯ ಬಹುಭಾಗ ಫೊರಾಮಿನಿಫೆರಾ ಅಲ್ಲ. ಅವನು ಹೆಸರಿಟ್ಟ ಕಾಕೊಲಿತ್‌ಗಳೇ. ಸಮುದ್ರದ ಮೇಲ್ಪದರದಲ್ಲಿ ಬಿಸಿಲುಂಡು ಬದುಕುವ ಏಕಕೋಶ ಶೈವಲಗಳು ತಮ್ಮ ಮೈಮೇಲೆ ಹೊದೆಯುವ ಕ್ಯಾಲ್ಸೈಟ್ ಬಿಲ್ಲೆಗಳವು. ಒಂದೊಂದರ ಅಗಲ ಕೆಲವೇ ಮೈಕ್ರೋಮೀಟರ್. ಬೆಳಕಿನ ಅಲೆಯುದ್ದವೇ ಅರ್ಧ ಮೈಕ್ರೋಮೀಟರ್ ಇರುವಾಗ ಇಷ್ಟು ಸಣ್ಣ ಬಿಲ್ಲೆಯ ಕುಸುರಿಯನ್ನು ಸಾಮಾನ್ಯ ಸೂಕ್ಷ್ಮದರ್ಶಕ ತೋರಿಸಲಾರದು. 1950ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕಗಳು ಬಂದ ಮೇಲೆ ಅವುಗಳ ಚಕ್ರದಂಥ ಚೆಲುವು ಪೂರ್ತಿಯಾಗಿ ಕಂಡಿತು. ಸ್ಥೂಲವಾಗಿ ಲೆಕ್ಕ ಹಾಕಿ: ಬಿಲ್ಲೆ 5 ಮೈಕ್ರೋಮೀಟರ್ ಅಗಲ, 1 ಮೈಕ್ರೋಮೀಟರ್ ದಪ್ಪ ಎಂದುಕೊಂಡರೆ, ಕಲ್ಲಿನ ಸುಮಾರು ಶೇಕಡ 40 ಭಾಗ ಬರೀ ರಂಧ್ರವೆಂದು ಬಿಟ್ಟರೂ, ಒಂದು ಘನ ಮಿಮೀ ಸೀಮೆಸುಣ್ಣದಲ್ಲಿ ಮೂರು ಕೋಟಿಯಷ್ಟು ಹಿಡಿಸಬಹುದು.

ಬಿಳಿ ಬಣ್ಣಕ್ಕೂ ಕಾರಣ ಇದೇ ಸಣ್ಣತನ. ಶುದ್ಧ ಕ್ಯಾಲ್ಸೈಟ್ ಹರಳು ಬಿಳಿಯಲ್ಲ, ಗಾಜಿನಂತೆ ಪಾರದರ್ಶಕ. ಅದನ್ನೇ ನುಣ್ಣಗೆ ಪುಡಿ ಮಾಡಿದರೆ ಪ್ರತಿಯೊಂದು ಕಣದ ಮೇಲ್ಮೈಯಲ್ಲೂ ಬೆಳಕು ದಿಕ್ಕು ಬದಲಿಸುತ್ತದೆ. ಎಲ್ಲ ಬಣ್ಣಗಳೂ ಒಂದೇ ಪ್ರಮಾಣದಲ್ಲಿ ಚೆದರಿ ಹಿಂತಿರುಗುತ್ತವೆ. ಉಪ್ಪು, ಸಕ್ಕರೆ, ಹಿಮ ಬಿಳಿಯಾಗಿರುವುದು ಹೀಗೆಯೇ. ಕಣ ಮತ್ತು ಗಾಳಿಯ ವಕ್ರೀಭವನಾಂಕಗಳ ನಡುವಿನ ಅಂತರ ದೊಡ್ಡದಾದಷ್ಟೂ ಚೆದರಿಕೆ ಹೆಚ್ಚು. ರಂಧ್ರಗಳಲ್ಲಿ ಗಾಳಿಯ ಬದಲು ನೀರು ತುಂಬಿದರೆ ಅಂತರ ತಗ್ಗುತ್ತದೆ, ಕಲ್ಲು ಮಂಕಾಗುತ್ತದೆ. ಸುಣ್ಣ ಬಳಿದ ಗೋಡೆ ಮಳೆಗೆ ನೆನೆದಾಗ ಮಂಕಾಗುವುದನ್ನು ನೀವು ನೋಡಿಲ್ಲವೆ? ಸೆವೆನ್ ಸಿಸ್ಟರ್ಸ್ ಕೂಡ ಮಳೆಯ ದಿನ ಬೂದು ಬಣ್ಣಕ್ಕೆ ತಿರುಗುತ್ತದೆ. ಚಿತ್ರಪಟದ ಬಿಳಿ ಬೇಕಾದರೆ ಒಣಬಿಸಿಲಿನ ದಿನವೇ ಹೋಗಬೇಕು. ಕಕ್‌ಮಿಯರ್ ನದಿಯ ಪಶ್ಚಿಮ ದಂಡೆಯ ಸೀಫರ್ಡ್ ಹೆಡ್ ಗುಡ್ಡದಿಂದ ನೋಡಬೇಕು.

ಈ ಕೆಸರು ಸಾವಿರ ವರ್ಷಕ್ಕೆ ಕೆಲವು ಸೆಂಟಿಮೀಟರಿನ ದರದಲ್ಲಿ, ಸುಮಾರು 10 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ ಕೂತಿತು. ಆ ಕಾಲಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ಉತ್ತರ ಕ್ರಿಟೇಶಿಯಸ್. ಲ್ಯಾಟಿನ್ನಿನಲ್ಲಿ ‘ಕ್ರೇಟಾ’ ಎಂದರೆ ಸೀಮೆಸುಣ್ಣವೇ. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಕಂಬದ ಕಲ್ಲುಗಳನ್ನು ನೀವು ನೋಡಿರಬಹುದು. ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಸಮಯದಲ್ಲಿ, ಸುಮಾರು 9 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಅದು. ಮಲ್ಪೆಯಲ್ಲಿ ಲಾವಾ ಆರುತ್ತಿದ್ದ ಕಾಲಕ್ಕೆ ಹತ್ತಿರದಲ್ಲೇ ಸಸೆಕ್ಸಿನ ಸಮುದ್ರದಲ್ಲಿ ಈ ಬಿಲ್ಲೆಗಳು ಸದ್ದಿಲ್ಲದೆ ಕೆಳಗಿಳಿಯುತ್ತಿದ್ದವು.

ಈಗ ಚಕಮಕಿ ಕಲ್ಲಿಗೆ ಬನ್ನಿ. ಅದು ಸುಣ್ಣವಲ್ಲ, ಸಿಲಿಕ. ಅದೇ ಸಮುದ್ರದ ಸ್ಪಂಜು ಮೊದಲಾದ ಜೀವಿಗಳ ಸಿಲಿಕ ಕರಗಿ, ಕೆಸರಿನೊಳಗೆ ಮತ್ತೆ ಗಡ್ಡೆಗಟ್ಟಿ ಆದದ್ದು. ಗೋಡೆ ಕುಸಿದಾಗ ಮೆತ್ತನೆಯ ಸುಣ್ಣ ಅಲೆಗಳಿಗೆ ಸಿಕ್ಕಿ ಪುಡಿಯಾಗಿ, ಸಮುದ್ರವನ್ನು ಕೆಲವು ದಿನ ಹಾಲಿನಂತೆ ಮಾಡಿ ಹೊರಟುಹೋಗುತ್ತದೆ. ಚಕಮಕಿ ಉಳಿಯುತ್ತದೆ. ಉರುಳಿ ಉರುಳಿ ಗುಂಡಗಾಗುತ್ತದೆ. ನಿಮ್ಮ ಕಾಲಡಿಯ ತೀರವೆಂದರೆ ಗೋಡೆಯ ಜೀರ್ಣವಾಗದ ಶೇಷ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಗೋಡೆ ಬೀಳುವುದರಿಂದ ತೀರ ಹುಟ್ಟುತ್ತದೆ, ಆ ತೀರದ ಮೇಲೆಯೇ ಅಲೆ ಒಡೆದು ದಣಿಯುವುದರಿಂದ ಗೋಡೆ ನಿಧಾನವಾಗಿ ಬೀಳುತ್ತದೆ. ಉರುಟುಕಲ್ಲಿನ ರಾಶಿ ಗೋಡೆಗೆ ಕಾವಲು. ಆದರೆ ಕಾವಲುಗಾರ ಒಂದೆಡೆ ನಿಲ್ಲುವವನಲ್ಲ. ಇಂಗ್ಲಿಷ್ ಕಾಲುವೆಯಲ್ಲಿ ಅಲೆಗಳು ಹೆಚ್ಚಾಗಿ ನೈಋತ್ಯದಿಂದ ಓರೆಯಾಗಿ ಬಂದು ಬಡಿಯುವುದರಿಂದ ಕಲ್ಲುಗಳು ತೀರದುದ್ದಕ್ಕೂ ಪೂರ್ವಕ್ಕೆ ಸಾಗುತ್ತಿರುತ್ತವೆ. ಇಲ್ಲಿಂದ ಹೋದದ್ದಕ್ಕೆ ಪಶ್ಚಿಮದಿಂದ ಬಂದದ್ದು ಸರಿಸಾಟಿಯಾದರೆ ಮಾತ್ರ ರಾಶಿ ಉಳಿದೀತು.

ಗೋಡೆ ಎಷ್ಟು ವೇಗದಲ್ಲಿ ಹಿಂದೆ ಸರಿಯುತ್ತಿದೆ? ಇದು ಕುತೂಹಲದ ಪ್ರಶ್ನೆ ಮಾತ್ರವಲ್ಲ. ಬರ್ಲಿಂಗ್ ಗ್ಯಾಪ್‌ನಲ್ಲಿ ಹಿಂದೆ ತೀರರಕ್ಷಕರಿಗೆ ಕಟ್ಟಿದ ಸಾಲುಮನೆಗಳಿವೆ. ಅಂಚು ಹತ್ತಿರ ಬಂದಂತೆಲ್ಲ ಕಡಲ ಕಡೆಯ ಮನೆಗಳನ್ನು ಒಂದೊಂದಾಗಿ ಕೆಡವಬೇಕಾಯಿತು. 2014ರಲ್ಲೂ ಒಂದು ಹೋಯಿತು. ಆ ಚಳಿಗಾಲದ ಬಿರುಗಾಳಿಗಳಲ್ಲಿ ಏಳು ವರ್ಷಕ್ಕೆ ಆಗಬೇಕಾದ ಸವೆತ ಎರಡೇ ತಿಂಗಳಲ್ಲಿ ಆಯಿತೆಂದು ಆ ಜಾಗವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಹೇಳಿತು. ಬೀಚಿ ಹೆಡ್ಡಿನಲ್ಲಿ 1999ರ ಜನವರಿಯಲ್ಲಿ ಭಾರಿ ಕುಸಿತವಾಯಿತು. 2001ರಲ್ಲಿ ‘ಡೆವಿಲ್ಸ್ ಚಿಮ್ನಿ’ ಎಂಬ ಪ್ರಸಿದ್ಧ ಕಂಬವೇ ಉರುಳಿತು. ಕುಸಿತ ಹೀಗೆ ತಟಕ್ಕನೆ ಆಗುವುದರಿಂದ ಹತ್ತಿಪ್ಪತ್ತು ವರ್ಷ ಅಳೆದರೆ ನಿಜವಾದ ಸರಾಸರಿ ಸಿಗದು. ಹಳೆಯ ನಕ್ಷೆಗಳಿವೆ, ಬ್ರಿಟನ್ನಿನ ಸರ್ವೇ ಇಲಾಖೆ 1870ರ ದಶಕದಲ್ಲಿ ಮಾಡಿದ ನಕ್ಷೆಗಳೊಂದಿಗೆ ಇಂದಿನದನ್ನು ಹೋಲಿಸಿದರೆ ಸುಮಾರು 150 ವರ್ಷದ ಸರಾಸರಿ ಸಿಗುತ್ತದೆ: ವರ್ಷಕ್ಕೆ 22ರಿಂದ 32 ಸೆಂಮೀ. ಅದಕ್ಕೂ ಹಿಂದೆ? ನಕ್ಷೆ ಬರೆಯುವವರಿಲ್ಲದ ಕಾಲದಲ್ಲಿ?

ಉತ್ತರ ಚಕಮಕಿ ಕಲ್ಲಿನಲ್ಲಿತ್ತು, ಭೌತವಿಜ್ಞಾನದಲ್ಲಿತ್ತು. ಹೊರಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದಲ್ಲಿ ಘರ್ಷಿಸಿದಾಗ ವೇಗವಾದ ನ್ಯೂಟ್ರಾನುಗಳು ಹೊಮ್ಮುತ್ತವೆ. ಅವು ನೆಲಕ್ಕೆ ತಲುಪಿ ಸಿಲಿಕದೊಳಗಿನ ಆಕ್ಸಿಜನ್ ಪರಮಾಣುವಿನ ಬೀಜಕ್ಕೆ ಬಡಿದು ಅದನ್ನು ಒಡೆದಾಗ, ಅಪರೂಪಕ್ಕೊಮ್ಮೆ ಬೆರಿಲಿಯಂ-10 ಎಂಬ ವಿಕಿರಣಪಟು ಸಮಸ್ಥಾನಿ ಉಳಿಯುತ್ತದೆ. ಎಷ್ಟು ಅಪರೂಪ? ಸಮುದ್ರಮಟ್ಟದಲ್ಲಿ ಒಂದು ಗ್ರಾಂ ಸಿಲಿಕದಲ್ಲಿ ವರ್ಷಕ್ಕೆ ನಾಲ್ಕೈದು ಪರಮಾಣು! ಸಾವಿರ ವರ್ಷ ಬಯಲಲ್ಲಿ ಬಿದ್ದಿದ್ದ ಕಲ್ಲಿನಲ್ಲಿ ಗ್ರಾಮಿಗೆ ನಾಲ್ಕೈದು ಸಾವಿರ. ಅದೇ ಒಂದು ಗ್ರಾಮಿನಲ್ಲಿರುವ ಒಟ್ಟು ಪರಮಾಣುಗಳು 3ರ ಮುಂದೆ 22 ಸೊನ್ನೆ ಹಾಕಿದಷ್ಟು. ಇಂಥ ರಾಶಿಯಲ್ಲಿ ಅಂಥ ಬೆರಳೆಣಿಕೆಯನ್ನು ಎಣಿಸಲು ವೇಗೋತ್ಕರ್ಷಕವನ್ನು ಜೋಡಿಸಿದ ರಾಶಿ ರೋಹಿತಮಾಪಕಗಳು ಬೇಕಾದವು. ಬೆರಿಲಿಯಂ-10ರ ಅರ್ಧಾಯು ಸುಮಾರು 13.9 ಲಕ್ಷ ವರ್ಷವಾದ್ದರಿಂದ ಕೆಲವು ಸಾವಿರ ವರ್ಷಗಳಲ್ಲಿ ಅದು ನಶಿಸಿಹೋಗುವ ಚಿಂತೆಯಿಲ್ಲ.

ಇನ್ನು ತರ್ಕ ಸರಳ. ಮುಕ್ಕಾಲು ಮೀಟರಿನಷ್ಟು ಸುಣ್ಣದ ಕಲ್ಲು ಈ ನ್ಯೂಟ್ರಾನುಗಳನ್ನು ಸುಮಾರು ಮೂರನೆಯ ಒಂದು ಪಾಲಿಗೆ ಇಳಿಸುತ್ತದೆ. ಹತ್ತಾರು ಮೀಟರ್ ಗೋಡೆಯ ಕೆಳಗೆ ಹುದುಗಿರುವ ಚಕಮಕಿಗೆ ಅವು ತಲುಪುವುದೇ ಇಲ್ಲ. ಗೋಡೆ ಹಿಂದೆ ಸರಿದು, ಹಾಸುಬಂಡೆಯಲ್ಲಿ ಆ ಚಕಮಕಿ ಬಯಲಾದ ದಿನ ಅದರ ಗಡಿಯಾರ ಓಡತೊಡಗುತ್ತದೆ. ಗೋಡೆಯ ಬುಡದಿಂದ ಸಮುದ್ರದತ್ತ ಹೋದಂತೆಲ್ಲ ಹಾಸುಬಂಡೆಯ ಚಕಮಕಿಗಳು ಹೆಚ್ಚು ಹಳೆಯ ಕಾಲದಿಂದ ಬಯಲಲ್ಲಿ ಇರುವಂಥವು. ಗೋಡೆಯಿಂದ 100 ಮೀ ದೂರದ ಕಲ್ಲನ್ನು ತೆಗೆದುಕೊಳ್ಳಿ. ಗೋಡೆ ವರ್ಷಕ್ಕೆ 27 ಸೆಂಮೀ ಸರಿದಿದ್ದರೆ ಅದು ಬಯಲಾಗಿ 370 ವರ್ಷ. ವರ್ಷಕ್ಕೆ 4 ಸೆಂಮೀ ಸರಿದಿದ್ದರೆ 2,500 ವರ್ಷ. ಬೆರಿಲಿಯಂ-10ರ ಮೊತ್ತದಲ್ಲಿ ಆರೇಳು ಪಟ್ಟು ವ್ಯತ್ಯಾಸ. ಹೇಳಿದಷ್ಟು ಸುಲಭವಲ್ಲ ಅನ್ನಿ. ಭರತದ ನೀರು ಕಿರಣಗಳನ್ನು ತಡೆಯುತ್ತದೆ, ಹಾಸುಬಂಡೆಯ ಮೇಲ್ಮೈಯೂ ಸವೆಯುತ್ತದೆ, ಉರುಟುಕಲ್ಲುಗಳ ರಾಶಿ ಬುಡವನ್ನು ಮುಚ್ಚಿರುತ್ತದೆ. ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಾರ್ಟಿನ್ ಹರ್ಸ್ಟ್, ಡಿಲನ್ ರೂಡ್ ಮತ್ತು ಸಂಗಡಿಗರು ಬೀಚಿ ಹೆಡ್ ಮತ್ತು ಸೀಫರ್ಡ್ ಬಳಿಯ ಹೋಪ್ ಗ್ಯಾಪ್‌ಗಳ ಹಾಸುಬಂಡೆಗಳಿಂದ ಚಕಮಕಿ ಕಿತ್ತು ಈ ಕೆಲಸ ಮಾಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಮಯುಗದ ನಂತರ ಏರಿದ ಸಮುದ್ರ ಇಂದಿನ ಮಟ್ಟದ ಹತ್ತಿರಕ್ಕೆ ಬಂದಂದಿನಿಂದ, ಅಂದರೆ ಸುಮಾರು 7,000 ವರ್ಷಗಳ ಬಹುಭಾಗ, ಗೋಡೆ ಸರಿದದ್ದು ವರ್ಷಕ್ಕೆ 2ರಿಂದ 6 ಸೆಂಮೀ ಮಾತ್ರ. ಈಚಿನ 150 ವರ್ಷದ 22ರಿಂದ 32 ಸೆಂಮೀಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಯಾವಾಗಲೂ ಹೀಗೆಯೇ ಕುಸಿಯುತ್ತಿತ್ತು ಎಂದು ನಾವು ಅಂದುಕೊಂಡಿದ್ದ ವೇಗ ಈಚಿನ ಕೆಲವು ನೂರು ವರ್ಷಗಳದು.

ಏಕೆ? ಸಂಶೋಧಕರು ಬೆರಳು ತೋರಿಸಿದ್ದು ತೀರದತ್ತ. ಉರುಟುಕಲ್ಲಿನ ರಾಶಿ ಸೊರಗಿದೆ, ಕಾವಲು ತೆಳುವಾಗಿದೆ. ಸೊರಗಲು ಬಿರುಗಾಳಿಗಳು ಹೆಚ್ಚಿದ ಕಾಲವೊಂದು ಕಾರಣವಾಗಿರಬಹುದು. ಪಶ್ಚಿಮದ ಊರುಗಳು ತಮ್ಮ ತೀರ ಉಳಿಸಿಕೊಳ್ಳಲು ಸಮುದ್ರಕ್ಕೆ ಚಾಚಿ ಕಟ್ಟಿದ ಅಡ್ಡಗಟ್ಟೆಗಳು, ಬಂದರಿನ ತಡೆಗೋಡೆಗಳು ಕಲ್ಲುಗಳ ಪಯಣವನ್ನು ತಡೆದದ್ದೂ, ಗೋಡೆಗಳ ಬುಡಕ್ಕೆ ಕಾಂಕ್ರೀಟ್ ಹಾಕಿ ಹೊಸ ಚಕಮಕಿ ಬೀಳದಂತೆ ಮಾಡಿದ್ದೂ ಸೇರಿರಬಹುದು. ಯಾವುದರ ಪಾಲು ಎಷ್ಟೆಂದು ಬೆರಿಲಿಯಂ ಹೇಳುವುದಿಲ್ಲ. ಅದು ವೇಗವನ್ನು ಅಳೆಯುತ್ತದೆ, ತಪ್ಪಿತಸ್ಥನನ್ನು ಹಿಡಿದುಕೊಡುವುದಿಲ್ಲ. ಪತ್ರಿಕೆಗಳಲ್ಲಿ ಎಲ್ಲವೂ ಮನುಷ್ಯನ ಕೈವಾಡವೆಂದೋ, ಎಲ್ಲವೂ ಪ್ರಕೃತಿಯೆಂದೋ ಬರೆದದ್ದನ್ನು ಓದಿದಾಗ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು. ಆದರೂ ಒಂದು ಮಾತು ನಿಸ್ಸಂಶಯ: ಒಬ್ಬನ ತೀರಕ್ಕೆ ಕಟ್ಟಿದ ಕಟ್ಟೆಯ ಬೆಲೆಯನ್ನು ಪಕ್ಕದ ತೀರ ತೆರಬೇಕಾಗಬಹುದು. ಉಳ್ಳಾಲದ ಕಡಲ್ಕೊರೆತವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಬರ್ಲಿಂಗ್ ಗ್ಯಾಪ್‌ಗೆ ರಕ್ಷಣೆಯ ಗೋಡೆ ಕಟ್ಟಿಲ್ಲ. ಅಲ್ಲಿ ಮನೆ ಕಳೆದುಕೊಂಡವರ ಸಂಕಟ ಸಣ್ಣದಲ್ಲ. ಆದರೂ ಕಟ್ಟದಿದ್ದುದು ಸರಿಯೆಂದೇ ನನಗೆ ತೋರುತ್ತದೆ. ಕಟ್ಟಿದರೆ ಗೋಡೆ ಬೀಳುವುದು ನಿಲ್ಲುತ್ತದೆ. ಡೋವರಿನಂತೆ ಹಸಿರು ಹತ್ತುತ್ತದೆ. ಹೊಸ ಚಕಮಕಿ ಬೀಳದೆ ಪೂರ್ವದ ತೀರ ಇನ್ನಷ್ಟು ಬಡವಾಗುತ್ತದೆ. ಬಿಳಿಯೂ ಬೇಕು, ಬೀಳಲೂಬಾರದು ಎಂದರೆ ಆಗದು. ಬೀಳುವ ಗೋಡೆಯ ಕೆಳಗೆ ಕೂರಬೇಡಿ ಎಂದದ್ದು ಇದಕ್ಕೇ. ಮೇಲೆ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರಿಗೂ ಇದೇ ಮಾತು. ಅಂಚಿನ ಹುಲ್ಲಿನ ಕೆಳಗೆ ಕಲ್ಲು ಇದೆಯೋ ಗಾಳಿಯೋ ಎಂಬುದು ಮೇಲಿನಿಂದ ಕಾಣುವುದಿಲ್ಲ.

ಕೊನೆಗೆ ಮೇಲಕ್ಕೆ ಹತ್ತಿ, ಬರ್ಲಿಂಗ್ ಗ್ಯಾಪ್‌ನಿಂದ ಬೀಚಿ ಹೆಡ್ ಕಡೆಗೆ ನಡೆಯಿರಿ. ದಾರಿಯಲ್ಲಿ ಬೆಲ್ ಟೂಟ್ ಎಂಬ ಹಳೆಯ ದೀಪಸ್ತಂಭ ಸಿಗುತ್ತದೆ. 1832ರಲ್ಲಿ ಕಟ್ಟಲು ಆರಂಭಿಸಿ 1834ರಲ್ಲಿ ದೀಪ ಹಚ್ಚಿದ್ದು. ಅದಕ್ಕೆ ಹಣ ಒದಗಿಸಿದವನೆಂದು ಹೆಸರಾದವನು ಜಾನ್ ಫುಲ್ಲರ್. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮೊದಲಿಗನಾಗಿ ಕೂತ ಫುಲ್ಲರ್ ಪೀಠವನ್ನು ಸ್ಥಾಪಿಸಿದವನೂ ಅವನೇ. ಶರೀರವಿಜ್ಞಾನಕ್ಕೆ ಅವನಿಟ್ಟ ಇನ್ನೊಂದು ಪೀಠದಲ್ಲಿ ಮುಂದೆ ಹಕ್ಸ್‌ಲಿಯೂ ಕೂತಿದ್ದ. ಈ ಉದಾರಿಯ ಸಂಪತ್ತಿನಲ್ಲಿ ಗುಲಾಮರು ದುಡಿದ ತೋಟಗಳ ಹಣವೂ ಇತ್ತು, ಗುಲಾಮಗಿರಿಯನ್ನು ಅವನು ಸಂಸತ್ತಿನಲ್ಲಿ ಸಮರ್ಥಿಸುತ್ತಿದ್ದ ಎಂಬುದನ್ನೂ ಮರೆಯುವಂತಿಲ್ಲ.

ದೀಪಸ್ತಂಭದ ಜಾಗವನ್ನು ಜಾಣತನದಿಂದ ಆರಿಸಿದ್ದರು. ಹಡಗು ಸುರಕ್ಷಿತ ದೂರದಲ್ಲಿದ್ದರೆ ದೀಪ ಕಾಣಬೇಕು. ಬಂಡೆಗಳಿಗೆ ತೀರ ಹತ್ತಿರ ಬಂದರೆ ಗೋಡೆಯ ಅಂಚು ಅಡ್ಡವಾಗಿ ದೀಪ ಮರೆಯಾಗಬೇಕು. ದೀಪ ಕಾಣದಾದರೆ ಅಪಾಯ ಎಂಬ ಸಂಕೇತ. ಬರೀ ರೇಖಾಗಣಿತ. ಆದರೆ ಆ ರೇಖಾಗಣಿತದ ಒಂದು ಬಿಂದು ಸ್ಥಿರವಾಗಿರಲಿಲ್ಲ. ಅಂಚು ಹಿಂದೆ ಸರಿದಂತೆ, ಮರೆಯಾಗಬೇಕಾದ ಕಡೆಯೂ ದೀಪ ಕಾಣತೊಡಗಿತು. ಅದರ ಮೇಲೆ, ಮಂಜು ಕವಿದ ದಿನ ಎತ್ತರದ ದೀಪ ಕಾಣಿಸುತ್ತಲೇ ಇರಲಿಲ್ಲ. 1902ರಲ್ಲಿ ಬೀಚಿ ಹೆಡ್ಡಿನ ಬುಡದಲ್ಲಿ, ಸಮುದ್ರದಲ್ಲೇ, 43 ಮೀ ಎತ್ತರದ ಹೊಸ ದೀಪಸ್ತಂಭ ಬಂತು. ಬೆಲ್ ಟೂಟ್ ನಿವೃತ್ತವಾಗಿ ಯಾರದೋ ಮನೆಯಾಯಿತು.

1999ರ ಹೊತ್ತಿಗೆ ಅಂಚು ಅದರ ಹೊಸ್ತಿಲಿಗೆ ಕೆಲವೇ ಮೀಟರ್ ದೂರಕ್ಕೆ ಬಂದಿತ್ತು. ಆ ಮಾರ್ಚ್ ತಿಂಗಳಲ್ಲಿ ಎಂಜಿನಿಯರುಗಳು ಅದರ ಬುಡ ಬಿಡಿಸಿ, ಕೆಳಗೆ ಕಾಂಕ್ರೀಟ್ ತೊಲೆಗಳನ್ನು ಹಾಸಿ, ಹೈಡ್ರಾಲಿಕ್ ಜ್ಯಾಕ್‌ಗಳಿಂದ ಸುಮಾರು 850 ಟನ್ನಿನ ಇಡೀ ಕಟ್ಟಡವನ್ನು ಇಂಚಿಂಚಾಗಿ ತಳ್ಳಿ 17 ಮೀ ಹಿಂದಕ್ಕೆ ಕೊಂಡೊಯ್ದರು. ಪಾಸ್ಕಲ್‌ನ ನಿಯಮವನ್ನು ಪಾಠ ಮಾಡುವಾಗ ಕಾರು ಎತ್ತುವ ಜ್ಯಾಕಿನ ಜೊತೆ ಇದನ್ನೂ ಹೇಳಬಹುದು. ಆ 17 ಮೀಟರಿನಿಂದ ಎಷ್ಟು ಕಾಲ ಗಳಿಸಿದಂತಾಯಿತು ಎಂಬುದನ್ನು ವಿದ್ಯಾರ್ಥಿಗಳೇ ಭಾಗಿಸಿ ನೋಡಲಿ. ಹಳೆಯ ವೇಗವೇ ಇದ್ದಿದ್ದರೆ 280ರಿಂದ 850 ವರ್ಷ. ಈಚಿನ ವೇಗದಲ್ಲಿ 53ರಿಂದ 77 ವರ್ಷ. ಎಂಜಿನಿಯರುಗಳಿಗೆ ಅಂದು ಬೆರಿಲಿಯಂ ಲೆಕ್ಕ ಗೊತ್ತಿರಲಿಲ್ಲ, 2016 ಇನ್ನೂ ದೂರವಿತ್ತು. ಆದರೂ ಅವರು ಕಟ್ಟಡವನ್ನು ಹೊಸ ಜಾಗದಲ್ಲಿ ಕೂರಿಸುವಾಗ, ಮತ್ತೊಮ್ಮೆ ಜ್ಯಾಕ್ ಕೊಟ್ಟು ಇನ್ನೂ ಹಿಂದಕ್ಕೆ ತಳ್ಳಲು ಅನುಕೂಲವಾಗುವಂತೆಯೇ ಅದರ ಅಡಿಪಾಯವನ್ನು ಕಟ್ಟಿದರು.